‘ಆರ್‌ಸಿಬಿ ಸೋತ್ರೆ ಅಪ್ಪ ಮಾತಾಡಲ್ಲ, ಅಲ್ವಾ?’

ಪ್ರಶ್ನೆ: ನನಗೆ 38 ವರ್ಷ. ಊರು ತುಮಕೂರು, ಕೆಲಸ ಬೆಂಗಳೂರಿನಲ್ಲಿ. ದಿನಾ ರೈಲಿನಲ್ಲಿ ಓಡಾಟ. ಕುಡಿತ, ಸಿಗರೇಟು ಯಾವುದೂ ಇಲ್ಲ. ಇರುವುದು ಒಂದೇ ಹುಚ್ಚು, ಆಟ. ಆರ್‌ಸಿಬಿ, ಬೆಂಗಳೂರು ಎಫ್‌ಸಿ, ಕಬಡ್ಡಿಯಲ್ಲಿ ಬುಲ್ಸ್, ರಾತ್ರಿ ಹೊತ್ತು ಇಂಗ್ಲೆಂಡಿನ ಫುಟ್‌ಬಾಲ್. ಶನಿವಾರ ನಾವು ಗೆದ್ದರೆ ಮನೆಮಂದಿಗೆಲ್ಲ ಸ್ವೀಟ್ ತರುತ್ತೇನೆ. ಭಾನುವಾರ ನಾವು ಸೋತರೆ ಊಟ ಸೇರಲ್ಲ, ಯಾರ ಹತ್ತಿರವೂ ಮಾತು ಬೇಡ ಅನಿಸುತ್ತದೆ. ಸೋಮವಾರ ಆಫೀಸಿನಲ್ಲಿ ಎಲ್ಲರ ಮೇಲೂ ರೇಗುತ್ತೇನೆ. ಮ್ಯಾಚೇ ಇಲ್ಲದ ಶನಿವಾರ ಭಾನುವಾರ ಬಂದರೆ ಮನೆ ಬಿಕೋ ಅನ್ನುತ್ತದೆ. ಹೋದ ಸೀಸನ್‌ನಲ್ಲಿ ಒಂದು ಸೋಮವಾರ ನನ್ನ ಒಂಬತ್ತು ವರ್ಷದ ಮಗಳು ಎದ್ದವಳೇ ಅವಳಮ್ಮನನ್ನು ಮೆಲ್ಲಗೆ ಕೇಳಿದಳು: ‘ಆರ್‌ಸಿಬಿ ಸೋತ್ರೆ ಅಪ್ಪ ಮಾತಾಡಲ್ಲ, ಅಲ್ವಾ?’ ಆ ಮಾತು ಇನ್ನೂ ಚುಚ್ಚುತ್ತಿದೆ. ‘ಅದು ಬರೀ ಆಟ ರೀ’ ಅನ್ನುತ್ತಾಳೆ ಹೆಂಡತಿ. ನನ್ನ ತಂದೆಗೆ 70, ಸ್ಟೆಂಟ್ ಹಾಕಿದೆ, ಅವರೂ ನನ್ನ ಪಕ್ಕದಲ್ಲೇ ಕೂತು ನೋಡುತ್ತಾರೆ. ಇದು ಕಾಯಿಲೆಯಾ ಮೇಡಂ? ನೋಡುವುದನ್ನೇ ಬಿಡಬೇಕಾ?

ಉತ್ತರ: ಕಾಯಿಲೆ ಅಲ್ಲ. ನೋಡುವುದನ್ನು ಬಿಡುವುದೂ ಬೇಡ. ಬಿಡಿ ಅಂತ ನಾನು ಹೇಳಿದರೂ ನೀವೇನೂ ಬಿಡುವವರಲ್ಲ. ಎರಡು ಭಾನುವಾರ ಟಿವಿ ಆಫ್ ಮಾಡಿ ಕೂರುತ್ತೀರಿ, ಮೂರನೇ ಭಾನುವಾರ ಬಾತ್‌ರೂಮಿನಲ್ಲಿ ಕದ್ದು ಸ್ಕೋರ್ ನೋಡುತ್ತೀರಿ. ಅಂಥವರನ್ನು ಬೇಕಾದಷ್ಟು ಕಂಡಿದ್ದೇನೆ. ಮೈಸೂರಿನಲ್ಲಿ ಆಪ್ತಸಮಾಲೋಚನೆ ಮಾಡುವವಳು ನಾನು. ಏಪ್ರಿಲ್, ಮೇ ಬಂತೆಂದರೆ ‘ನಿದ್ದೆ ಬರಲ್ಲ’, ‘ಗಂಡ ಸುಮ್‌ಸುಮ್ನೆ ಸಿಡುಕ್ತಾರೆ’ ಅಂತ ಬರುವವರಿಗೆ ನಾನು ಹಾಕುವ ಪ್ರಶ್ನೆಗಳಲ್ಲಿ ಇದೂ ಒಂದು: ‘ನಿನ್ನೆ ಮ್ಯಾಚ್ ಇತ್ತಾ?’

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸೋಲೇ ನಿಮ್ಮ ತೊಂದರೆ ಅಂದುಕೊಂಡಿದ್ದೀರಿ. ನನಗೆ ಕಂಡಂತೆ ಸೋಲನ್ನು ನೀವು ಚೆನ್ನಾಗಿಯೇ ತಡೆದುಕೊಳ್ಳುತ್ತೀರಿ. 2008ರಿಂದ ತಡೆದುಕೊಂಡು ಬಂದಿದ್ದೀರಲ್ಲ! ನಿಮ್ಮ ಸೋಮವಾರವನ್ನು ಕೆಡಿಸುತ್ತಿರುವುದು ಕೊನೆಯ ಚೆಂಡು ಬಿದ್ದ ಮೇಲಿನ ಎರಡು ಗಂಟೆ. ಅಲ್ಲಿಗೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ನಿಮ್ಮ ಮನೆಯವರು ಹೇಳುವ ‘ಬರೀ ಆಟ’ ಅನ್ನುವ ಮಾತು.

ಅವರು ಹೇಳುವುದು ಸರಿ. ಆದರೆ ನಿಮ್ಮ ಮೈಗೆ ಅದು ಗೊತ್ತಿಲ್ಲ. 1994ರ ಫುಟ್‌ಬಾಲ್ ವಿಶ್ವಕಪ್ ಫೈನಲ್‌ನಲ್ಲಿ ಬ್ರೆಜಿಲ್ ಇಟಲಿಯನ್ನು ಪೆನಾಲ್ಟಿಯಲ್ಲಿ ಸೋಲಿಸಿತಲ್ಲ, ಆವತ್ತು ಅಮೆರಿಕದ ಕೆಲವು ಸಂಶೋಧಕರು ಟಿವಿ ಮುಂದೆ ಕೂತಿದ್ದ ಎರಡೂ ಕಡೆಯ ಅಭಿಮಾನಿಗಳ ಎಂಜಲನ್ನು ಮ್ಯಾಚಿಗೆ ಮೊದಲು, ಆಮೇಲೆ ತೆಗೆದು ಪರೀಕ್ಷೆ ಮಾಡಿದರು. ಬ್ರೆಜಿಲ್ ಕಡೆಯ ಗಂಡಸರಲ್ಲಿ ಟೆಸ್ಟೋಸ್ಟೆರಾನ್ ಅನ್ನುವ ಹಾರ್ಮೋನ್ ಏರಿತ್ತು, ಇಟಲಿಯವರಲ್ಲಿ ಇಳಿದಿತ್ತು. ಇವರು ಯಾರೂ ಚೆಂಡು ಮುಟ್ಟಿದವರಲ್ಲ. ಕುರ್ಚಿಯಲ್ಲಿ ಕೂತಿದ್ದವರು ಅಷ್ಟೇ. ಹಾಗಾಗಿ ಸೋತ ರಾತ್ರಿ ನಿಮಗೆ ಕೈಕಾಲು ಬಿದ್ದುಹೋದ ಹಾಗೆ ಆಗುವುದು ನಾಟಕ ಅಲ್ಲ ಅಂತ ಮನೆಯವರಿಗೆ ನನ್ನ ಪರವಾಗಿ ಹೇಳಿ. ಆದರೆ ಅದನ್ನೇ ನೆಪ ಮಾಡಿಕೊಂಡು ಮುಖ ಊದಿಸಿಕೊಂಡು ಕೂರಲು ನನ್ನ ಹೆಸರು ಬಳಸಬೇಡಿ.

ಇನ್ನೊಂದು ವಿಷಯ ಗಮನಿಸಿ. ಸಾಮಾನ್ಯವಾಗಿ ಜನ ಗೆದ್ದ ದಿನ ಏನನ್ನುತ್ತಾರೆ? ‘ಗೆದ್ವಿ!’ ಸೋತ ದಿನ? ‘ಸೋತ್ರು, ದರಿದ್ರದವರು.’ ಕನ್ನಡದಲ್ಲಿ ‘ನಾವು’, ‘ಅವರು’ ಅಂತ ಬಾಯಿಬಿಟ್ಟು ಹೇಳಬೇಕಾಗಿಯೂ ಇಲ್ಲ. ಕ್ರಿಯಾಪದದ ಬಾಲದಲ್ಲೇ ಬಣ್ಣ ಬಯಲಾಗುತ್ತದೆ. ರಾಬರ್ಟ್ ಚಾಲ್ಡೀನಿ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು 1976ರಲ್ಲಿ ಇದನ್ನೇ ಪ್ರಕಟಿಸಿದರು. ಅಮೆರಿಕದ ಏಳು ವಿಶ್ವವಿದ್ಯಾಲಯಗಳಲ್ಲಿ ಪ್ರತಿ ಸೋಮವಾರ ತರಗತಿಗೆ ಬರುವ ವಿದ್ಯಾರ್ಥಿಗಳ ಅಂಗಿ ಎಣಿಸಿದರು. ಶನಿವಾರ ತಮ್ಮ ಕಾಲೇಜು ತಂಡ ಗೆದ್ದಿದ್ದರೆ ಕಾಲೇಜಿನ ಹೆಸರಿರುವ ಅಂಗಿ ಜಾಸ್ತಿ. ಫೋನ್ ಮಾಡಿ ಕೇಳಿದರೆ ಗೆದ್ದದ್ದಕ್ಕೆ ‘ನಾವು’, ಸೋತದ್ದಕ್ಕೆ ‘ಅವರು’. ಪಕ್ಕದ ಮನೆಯ ಜಗಲಿಗೆ ಬಿಸಿಲು ಬಿದ್ದಾಗ ಹೋಗಿ ಮೈ ಕಾಯಿಸಿಕೊಂಡು, ಮಳೆ ಬಂದಾಗ ನಮ್ಮ ಮನೆಗೆ ಓಡಿಬರುವುದು ಅಂದುಕೊಳ್ಳಿ.

ನೀವು ಹಾಗಲ್ಲ. ಪತ್ರದಲ್ಲಿ ‘ನಾವು ಗೆದ್ದರೆ’ ಅಂತಲೂ ಬರೆದಿದ್ದೀರಿ, ‘ನಾವು ಸೋತರೆ’ ಅಂತಲೂ ಬರೆದಿದ್ದೀರಿ. ಗಟ್ಟಿ ಅಭಿಮಾನಿಗಳು ಹೀಗೇ ಇರುತ್ತಾರೆ. ಸೋತಾಗ ದೂರ ಸರಿಯಲು ಅವರಿಗೆ ಬರುವುದಿಲ್ಲ. ಆರ್‌ಸಿಬಿ ಕಡೆಯವರಂತೂ ಈ ಜಾತಿಯ ಪರಮಾವಧಿ. 2008ರ ಏಪ್ರಿಲ್ 18ರಂದು ಚಿನ್ನಸ್ವಾಮಿಯಲ್ಲಿ ಐಪಿಎಲ್ ಶುರುವಾದ ರಾತ್ರಿಯೇ ಮೆಕಲಮ್ 158 ಹೊಡೆದ, ನಮ್ಮವರು 82ಕ್ಕೆ ಆಲೌಟ್. ಅಂಥ ಗೃಹಪ್ರವೇಶ ಆದ ಮನೆಯಲ್ಲಿ 17 ಸೀಸನ್ ಕಪ್ಪಿಲ್ಲದೆ ವಾಸ ಮಾಡಿ, ಪ್ರತಿ ವರ್ಷ ‘ಈ ಸಲ ಕಪ್ ನಮ್ದೇ’ ಅಂದ ಜನ ನೀವು. ಬಿಸಿಲೂ ನಿಮ್ಮದೇ, ಮಳೆಯೂ ನಿಮ್ಮದೇ. ತೊಂದರೆ ಏನೆಂದರೆ ಮಳೆ ಸ್ವಲ್ಪ ಜಾಸ್ತಿ ನೆನೆಸುತ್ತದೆ. ಬ್ರಿಟನ್ನಿನ ಫುಟ್‌ಬಾಲ್ ಅಭಿಮಾನಿಗಳ ಮನಸ್ಸಿನ ಏರಿಳಿತವನ್ನು ಅವರ ಫೋನುಗಳಿಂದಲೇ ಸಂಗ್ರಹಿಸಿ ನೋಡಿದ ಇಬ್ಬರು ಅರ್ಥಶಾಸ್ತ್ರಜ್ಞರು 2018ರಲ್ಲಿ ಹೇಳಿದ ಲೆಕ್ಕ ಇದು: ಗೆದ್ದಾಗ ಆಗುವ ಖುಷಿಗಿಂತ ಸೋತಾಗ ಆಗುವ ಬೇಸರ ಸುಮಾರು ಎರಡರಷ್ಟು. ಅಂದರೆ ವರ್ಷದಲ್ಲಿ ಅರ್ಧ ಗೆದ್ದು ಅರ್ಧ ಸೋಲುವ ತಂಡವನ್ನು ಹಿಡಿದುಕೊಂಡವನಿಗೆ ವ್ಯಾಪಾರದಲ್ಲಿ ನಷ್ಟವೇ. ಆದರೂ ಯಾರೂ ಅಂಗಡಿ ಮುಚ್ಚುವುದಿಲ್ಲ. ಯಾಕೆ ಅಂತ ಆಮೇಲೆ ನೋಡೋಣ.

ಎಲ್ಲ ಸೋಲೂ ಒಂದೇ ಥರ ನೋಯಿಸುವುದಿಲ್ಲ. ಎರಡು ಭಾನುವಾರ ನೆನಪಿಸಿಕೊಳ್ಳಿ. 2017ರ ಏಪ್ರಿಲ್ 23, ಕೋಲ್ಕತ್ತದ ಈಡನ್ ಗಾರ್ಡನ್ಸ್. ಎದುರಾಳಿಯನ್ನು 131ಕ್ಕೆ ಕಟ್ಟಿಹಾಕಿ ಕೊಹ್ಲಿ, ಗೇಲ್, ಡಿವಿಲಿಯರ್ಸ್ ಎಲ್ಲ ಇದ್ದ ತಂಡ 49ಕ್ಕೆ ಆಲೌಟ್. ಒಬ್ಬನೂ ಎರಡಂಕಿ ಮುಟ್ಟಲಿಲ್ಲ. ಐಪಿಎಲ್‌ನಲ್ಲೇ ಅದಕ್ಕಿಂತ ಮರ್ಯಾದೆಗೇಡು ಇಲ್ಲ. ಈಗ ಕೇಳಿದರೆ ಆರ್‌ಸಿಬಿ ಅಭಿಮಾನಿಗಳೇ ನಗುತ್ತಾ ಹೇಳುತ್ತಾರೆ. ಇನ್ನೊಂದು, 2016ರ ಮೇ 29, ಚಿನ್ನಸ್ವಾಮಿಯಲ್ಲಿ ಫೈನಲ್. ಹೈದರಾಬಾದ್ 208. ಗೇಲ್, ಕೊಹ್ಲಿ ಇಬ್ಬರೇ ಹತ್ತೂವರೆ ಓವರಿನಲ್ಲಿ 114. ಕೈಗೆ ಬಂದೇಬಿಟ್ಟಿತು ಕಪ್ಪು. ಆಮೇಲೆ ಎಂಟು ರನ್ನಿನಿಂದ ಸೋಲು. ಆ ರಾತ್ರಿಯ ಬಗ್ಗೆ ಇವತ್ತಿಗೂ ಯಾರೂ ಜೋಕ್ ಮಾಡುವುದಿಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರದಿದ್ದಾಗ ಆಗುವ ಸಂಕಟ ಬೇರೆಯದೇ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ವಿಡಿಯೊ ಇಟ್ಟುಕೊಂಡು ಪದಕ ಗೆದ್ದವರ ಮುಖ ಅಳೆದವರಿದ್ದಾರೆ. ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರ ಮುಖ ಅರಳಿತ್ತು. ಕಂಚಿನವನು ‘ಸದ್ಯ, ಬರಿಗೈಲಿ ಹೋಗಲಿಲ್ಲ’ ಅಂದುಕೊಳ್ಳುತ್ತಾನೆ. ಬೆಳ್ಳಿಯವನು ‘ಛೇ, ಇನ್ನೊಂಚೂರು’ ಅಂತ ಕೊರಗುತ್ತಾನೆ. ನಿಮ್ಮ ಭಾನುವಾರಗಳಲ್ಲಿ ಯಾವುದು ‘ಛೇ ಇನ್ನೊಂಚೂರು’ ಥರದ್ದು ಅಂತ ಗುರುತಿಸಿಕೊಳ್ಳಿ. ಅಂಥ ರಾತ್ರಿ ಮಾತ್ರ ಸ್ವಲ್ಪ ಜಾಸ್ತಿ ಹುಷಾರಾಗಿರಬೇಕು. ಉಳಿದವು ತಾವಾಗಿಯೇ ಇಳಿಯುತ್ತವೆ.

ನೀವು ಅಂದುಕೊಳ್ಳುವುದಕ್ಕಿಂತ ಬೇಗ ಇಳಿಯುತ್ತವೆ. 2023ರ ನವೆಂಬರ್ 19 ಕೂಡ ಭಾನುವಾರವೇ. ಹತ್ತಕ್ಕೆ ಹತ್ತು ಗೆದ್ದು ಬಂದ ಭಾರತ ಅಹಮದಾಬಾದಿನ ವಿಶ್ವಕಪ್ ಫೈನಲ್‌ನಲ್ಲಿ 240ಕ್ಕೆ ನಿಂತಿತು. ನಮ್ಮ ರಾಹುಲ್ 107 ಚೆಂಡಿನಲ್ಲಿ 66. ಟ್ರಾವಿಸ್ ಹೆಡ್ 137 ಹೊಡೆದು ಮನೆಮನೆಯಲ್ಲೂ ಸೂತಕ ತಂದ. ‘ಇನ್ನು ಜನ್ಮದಲ್ಲಿ ಕ್ರಿಕೆಟ್ ನೋಡಲ್ಲ’ ಅಂತ ಆ ರಾತ್ರಿ ಅಂದವರಲ್ಲಿ ನೀವೂ ಇದ್ದಿರಬಹುದು. ನಾಲ್ಕೇ ದಿನಕ್ಕೆ, ಗುರುವಾರ, ವಿಶಾಖಪಟ್ಟಣದಲ್ಲಿ ಅದೇ ಆಸ್ಟ್ರೇಲಿಯಾ ಜೊತೆ ಟಿ20 ಇತ್ತು. ನೋಡಿದಿರಾ, ಇಲ್ಲವಾ? ನಿಜ ಹೇಳಿ.

ನಾನಂತೂ ನೋಡಿದೆ.

ವರ್ಜೀನಿಯಾ ವಿಶ್ವವಿದ್ಯಾಲಯದ ಟಿಮೊಥಿ ವಿಲ್ಸನ್, ಹಾರ್ವರ್ಡಿನ ಡೇನಿಯಲ್ ಗಿಲ್ಬರ್ಟ್ ಮತ್ತು ಸಂಗಡಿಗರು 2000ದಲ್ಲಿ ಕಾಲೇಜು ಫುಟ್‌ಬಾಲ್ ಅಭಿಮಾನಿಗಳ ಮೇಲೆ ಮಾಡಿದ ಕೆಲಸ ಇದಕ್ಕೇ ಸಂಬಂಧಿಸಿದ್ದು. ಮ್ಯಾಚಿನ ಫಲಿತಾಂಶ ತಮ್ಮ ಮನಸ್ಸನ್ನು ಎಷ್ಟು ದಿನ ಹಿಡಿದಿಡುತ್ತದೆ ಅಂತ ಮೊದಲೇ ಊಹಿಸಲು ಹೇಳಿದರು. ಊಹೆ ಯಾವಾಗಲೂ ಜಾಸ್ತಿ, ನಿಜ ಕಡಿಮೆ. ಯಾಕೆಂದರೆ ಊಹಿಸುವಾಗ ನಾವು ಮ್ಯಾಚ್ ಒಂದನ್ನೇ ಕಣ್ಣಿಗೆ ಹಿಡಿದುಕೊಂಡಿರುತ್ತೇವೆ. ಸೋಮವಾರ ರೈಲು ಇರುತ್ತದೆ, ಮಗಳ ಫೀಸ್ ಕಟ್ಟುವುದಿರುತ್ತದೆ, ಗ್ಯಾಸ್ ಬುಕ್ ಮಾಡುವುದಿರುತ್ತದೆ, ಅದೆಲ್ಲ ಲೆಕ್ಕಕ್ಕೇ ಬರುವುದಿಲ್ಲ. ನಾಳೆ ಏನೇನು ಕೆಲಸ ಇದೆ ಅಂತ ಮೊದಲೇ ಒಂದು ಹಾಳೆಯಲ್ಲಿ ಬರೆದವರ ಊಹೆ ಅಷ್ಟು ದಿಕ್ಕು ತಪ್ಪಲಿಲ್ಲ. ಇದು ನಿಮಗೆ ನನ್ನ ಮೊದಲ ಮದ್ದು. ಭಾನುವಾರ ಟಾಸ್‌ಗೆ ಮೊದಲು ಐದು ನಿಮಿಷ ಕೂತು ಸೋಮವಾರದ ಕೆಲಸಗಳನ್ನು ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ. ಸುಮ್ನೆ ಮಾಡಿ ನೋಡಿ. ದುಡ್ಡು ಖರ್ಚಿಲ್ಲ.

ಈಗ ಆ ಎರಡು ಗಂಟೆ.

ಭಾನುವಾರ ರಾತ್ರಿ ಏಳೂವರೆ ಮ್ಯಾಚು ಮುಗಿಯುವಾಗ ಹತ್ತಿರಹತ್ತಿರ ಹನ್ನೊಂದೂವರೆ. ಸೋತಿರಿ. ಟಿವಿ ಆಫ್ ಮಾಡುವುದಿಲ್ಲ. ಪ್ರೆಸೆಂಟೇಷನ್ ನೋಡುತ್ತೀರಿ, ‘ಬೌಲಿಂಗ್ ಇನ್ನೂ ಚೆನ್ನಾಗಿರಬೇಕಿತ್ತು’ ಅಂತ ಕ್ಯಾಪ್ಟನ್ ಹೇಳುವುದನ್ನು ಕೇಳುತ್ತೀರಿ. ಅದು ನಿಮಗೆ ಮೂರು ಗಂಟೆ ಮೊದಲೇ ಗೊತ್ತಿತ್ತು. ಆಮೇಲೆ ಫೋನ್. ಚೆನ್ನೈ ಕಡೆಯ ಭಾವಮೈದ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಮೀಮ್. ಅದಕ್ಕೊಂದು ಉತ್ತರ. ಅದಕ್ಕೆ ಅವನ ಪ್ರತ್ಯುತ್ತರ. ಬಿಟ್ಟ ಕ್ಯಾಚನ್ನೇ ನಾಲ್ಕು ಕೋನದಿಂದ ತೋರಿಸುವ ರೀಲ್. ಯಾರೋ ಅಂಪೈರಿಗೆ ಬೈದಿದ್ದು, ಇನ್ಯಾರೋ ಆಟಗಾರನ ಹೆಂಡತಿಗೆ ಬೈದಿದ್ದು. ಹನ್ನೆರಡೂವರೆಗೆ ಮಲಗುತ್ತೀರಿ, ಫೋನ್ ದಿಂಬಿನ ಪಕ್ಕ. ಒಂದೂವರೆಗೆ ನಿದ್ದೆ. ರೈಲಿಗೆ ಹೋಗುವವರು ನೀವು, ಐದೂವರೆಗೆ ಅಲಾರಂ. ಗಾಯ ಆಗಿದ್ದು ಹನ್ನೊಂದೂವರೆಗೆ. ಎರಡು ಗಂಟೆ ಹಕ್ಕಳೆ ಕಿತ್ತಿದ್ದು ನೀವೇ.

ಇಷ್ಟೆಲ್ಲ ಆದ ಮೇಲೆ ಸೋಮವಾರ ಆಫೀಸಿನಲ್ಲಿ ರೇಗದೆ ಇನ್ನೇನು ಮಾಡುತ್ತೀರಿ? ನಾಲ್ಕು ಗಂಟೆ ಮಲಗಿದ ಯಾರೇ ಆದರೂ ರೇಗುತ್ತಾರೆ, ಅವರ ತಂಡ ಗೆದ್ದಿದ್ದರೂ. ಒಬ್ಬರಿಗೆ ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ವಿಷಯ ಗುರುತು ಹಾಕಿಕೊಳ್ಳಲು ಹೇಳಿದ್ದೆ. ಗೆಲುವೋ ಸೋಲೋ, ಎಷ್ಟು ಗಂಟೆಗೆ ನಿದ್ದೆ ಬಂತು, ಮಾರನೇ ದಿನ ಹತ್ತಕ್ಕೆ ಎಷ್ಟು ಅಂಕದ ಮೂಡ್. ಐಪಿಎಲ್ ಮುಗಿಯುವ ಹೊತ್ತಿಗೆ ಆ ಕ್ಯಾಲೆಂಡರ್ ತಂದು ತೋರಿಸಿದರು. ಅವರ ಮೂಡು ಸ್ಕೋರಿಗಿಂತ ನಿದ್ದೆಯ ಹಿಂದೆ ಹೋಗಿತ್ತು. ಒಬ್ಬರ ಕ್ಯಾಲೆಂಡರ್ ಶಾಸ್ತ್ರ ಆಗುವುದಿಲ್ಲ, ಒಪ್ಪುತ್ತೇನೆ. ನೀವು ನಿಮ್ಮದನ್ನು ಬರೆದು ನೋಡಿ.

ಆ ಹೊತ್ತಿನ ಬಗ್ಗೆ ಹುಷಾರಾಗಿರಿ ಅನ್ನಲು ಇನ್ನೊಂದು ಕಾರಣ ಇದೆ. ಅಮೆರಿಕದ ಡೇವಿಡ್ ಕಾರ್ಡ್ ಮತ್ತು ಗಾರ್ಡನ್ ಡಾಲ್ 2011ರಲ್ಲಿ ಪೊಲೀಸ್ ದಾಖಲೆಗಳನ್ನು ಭಾನುವಾರದ ಫುಟ್‌ಬಾಲ್ ಫಲಿತಾಂಶಗಳ ಪಕ್ಕ ಇಟ್ಟು ನೋಡಿದರು. ಗೆಲ್ಲುತ್ತದೆ ಅಂತ ಎಲ್ಲರೂ ನಂಬಿದ್ದ ಊರಿನ ತಂಡ ಸೋತ ದಿನ, ಮನೆಯಲ್ಲಿ ಹೆಂಡತಿ ಅಥವಾ ಸಂಗಾತಿಯ ಮೇಲೆ ಗಂಡಸರು ಕೈ ಮಾಡಿದ ಪ್ರಕರಣಗಳು ಸುಮಾರು ನೂರಕ್ಕೆ ಹತ್ತರಷ್ಟು ಹೆಚ್ಚಿದ್ದವು. ಅದೂ ಮ್ಯಾಚ್ ಮುಗಿಯುವ ಹೊತ್ತಿನ ಆಸುಪಾಸಿನಲ್ಲೇ. ನೀವು ಅಂಥವರು ಅಂತ ನಾನು ಹೇಳುತ್ತಿಲ್ಲ. ನಿಮ್ಮ ಪತ್ರದಲ್ಲಿ ಅಂಥ ಸುಳಿವೂ ಇಲ್ಲ. ಆದರೆ ಇದನ್ನು ಓದುತ್ತಿರುವ ಬೇರೆ ಯಾರಾದರೂ ಸೋತ ರಾತ್ರಿ ರಿಮೋಟ್ ಎಸೆದಿದ್ದರೆ, ಕೈ ಎತ್ತಿದ್ದರೆ, ಬೆಟ್ಟಿಂಗಿನಲ್ಲಿ ಸಾಲ ಮಾಡಿಕೊಂಡು ಅದಕ್ಕೇ ಮ್ಯಾಚ್ ನೋಡುತ್ತಿದ್ದರೆ ಅದು ಅಭಿಮಾನದ ಲೆಕ್ಕಕ್ಕೆ ಬರುವುದಿಲ್ಲ. ಆಗ ಈ ಅಂಕಣ ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಿಮಗೆ ಹೇಳುವುದು ಸುಲಭದ್ದು. ಕೊನೆಯ ಚೆಂಡು ಬಿತ್ತಾ, ಟಿವಿ ಆಫ್. ಫೋನನ್ನು ಹಾಲಿನಲ್ಲೇ ಚಾರ್ಜಿಗೆ ಹಾಕಿ. ಅಡುಗೆಮನೆಗೆ ಹೋಗಿ ರಾತ್ರಿಯ ಪಾತ್ರೆ ತೊಳೆಯಿರಿ.

ನಗಬೇಡಿ, ನಿಜವಾಗಿಯೂ ಹೇಳುತ್ತಿದ್ದೇನೆ. ಎಲ್ಲ ಪಾತ್ರೆ. ಸಾರಿನ ತಪ್ಪಲೆ, ಅನ್ನ ಅಂಟಿಕೊಂಡಿರುವ ಕುಕ್ಕರ್, ಹಾಲಿನ ಪಾತ್ರೆಯ ಅಡಿ. ನಾಲ್ಕು ಗಂಟೆ ಒಂದೇ ಕಡೆ ಬಿಗಿದುಕೊಂಡು ಕೂತ ಮೈಗೆ ಏನಾದರೂ ಕೆಲಸ ಬೇಕು. ಭುಜ ಸಡಿಲ ಆಗಬೇಕು. ತಣ್ಣೀರಿನಲ್ಲಿ ಕೈ ಇದ್ದಾಗ ಫೋನ್ ಹಿಡಿಯಲು ಆಗುವುದಿಲ್ಲ, ಅದೇ ಇದರ ದೊಡ್ಡ ಲಾಭ. ಸೀದುಹೋದ ಹಾಲಿನ ಪಾತ್ರೆಯನ್ನು ನಾರಿನಿಂದ ಉಜ್ಜುತ್ತಾ ಹದಿನೆಂಟನೇ ಓವರ್ ಯಾರಿಗೆ ಕೊಡಬೇಕಿತ್ತು ಅಂತ ಬೇಕಾದರೆ ಯೋಚನೆ ಮಾಡಿ, ಅಡ್ಡಿಯಿಲ್ಲ. ಪಾತ್ರೆ ಮುಗಿಯುವ ಹೊತ್ತಿಗೆ ಓವರೂ ಮುಗಿದಿರುತ್ತದೆ. ಗೆದ್ದ ದಿನವೂ ತೊಳೆಯಬೇಕು, ಇಲ್ಲದಿದ್ದರೆ ಮನೆಯವರು ಆರ್‌ಸಿಬಿ ಸೋಲಲಿ ಅಂತ ದೇವರಿಗೆ ಹರಕೆ ಹೊರುತ್ತಾರೆ.

ಗೆದ್ದ ದಿನವೂ ಅಂದೆನಲ್ಲ, ಅದಕ್ಕೂ ಕಾರಣ ಇದೆ. ಏರುವುದೂ ನಿದ್ದೆ ಕೆಡಿಸುತ್ತದೆ. ಗೆದ್ದ ರಾತ್ರಿ ಹೈಲೈಟ್ಸ್ ಮೂರು ಸಲ ನೋಡುತ್ತೀರಿ, ಅಲ್ವಾ? 2024ರ ಮೇ 18ರ ಶನಿವಾರ ಯಾರು ಮಲಗಿದರು? ಪ್ಲೇಆಫ್‌ಗೆ ಹೋಗಲು ಚೆನ್ನೈಯನ್ನು ಕನಿಷ್ಠ 18 ರನ್ನಿನಿಂದ ಸೋಲಿಸಬೇಕಿತ್ತು. ಕೊನೆಯ ಓವರಿನ ಮೊದಲ ಚೆಂಡನ್ನೇ ಧೋನಿ ಸ್ಟೇಡಿಯಂ ಆಚೆ ಕಳಿಸಿದಾಗ ಎಷ್ಟು ಮನೆಗಳಲ್ಲಿ ಉಸಿರು ನಿಂತಿತೋ. ಮರುಚೆಂಡಿಗೆ ಔಟ್. 27 ರನ್ನಿನ ಗೆಲುವು. ನಾಲ್ಕು ದಿನ ಬಿಟ್ಟು ಎಲಿಮಿನೇಟರ್‌ನಲ್ಲಿ ರಾಜಸ್ಥಾನದ ಕೈಲಿ ಸೋತು ಮನೆಗೆ. ಅಷ್ಟು ಎತ್ತರಕ್ಕೆ ಏರಿದ್ದಕ್ಕೇ ಆ ಬುಧವಾರ ಅಷ್ಟು ಗಟ್ಟಿಯಾಗಿ ಬಿದ್ದಿದ್ದು. 2025ರ ಜೂನ್ 3ರಂದು ಕಪ್ಪು ಬಂತು, ಪಂಜಾಬ್ ವಿರುದ್ಧ ಆರೇ ರನ್ನಿನಿಂದ. ಮಾರನೇ ದಿನ ಚಿನ್ನಸ್ವಾಮಿಯ ಗೇಟುಗಳ ಹತ್ತಿರ ಕಾಲ್ತುಳಿತದಲ್ಲಿ 11 ಜನ ಹೋದರು. ಹೆಚ್ಚಿನವರು ಚಿಕ್ಕ ವಯಸ್ಸಿನವರು. ಅದರ ಬಗ್ಗೆ ನಾನು ಇಲ್ಲಿ ಜಾಸ್ತಿ ಬರೆಯಲಾರೆ. ಗೆಲುವಿನ ಮಾರನೇ ದಿನ ಗುಂಪಿಗೆ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ ಅಂತ ಮಾತ್ರ ಹೇಳುತ್ತೇನೆ.

ತಂದೆಯವರ ವಿಷಯ ಚಿಕ್ಕದಾಗಿ. 2006ರ ಫುಟ್‌ಬಾಲ್ ವಿಶ್ವಕಪ್ ಜರ್ಮನಿಯಲ್ಲಿ ನಡೆದಾಗ, ಮ್ಯೂನಿಕ್ ಸುತ್ತಮುತ್ತ ಜರ್ಮನಿಯ ಮ್ಯಾಚ್ ಇದ್ದ ದಿನಗಳಲ್ಲಿ ಹೃದಯದ ತುರ್ತು ಪ್ರಕರಣಗಳು ಬೇರೆ ದಿನಗಳ ಎರಡೂವರೆ ಪಟ್ಟಿಗಿಂತ ಜಾಸ್ತಿ ಆಗಿದ್ದವು ಅಂತ ಅಲ್ಲಿನ ವೈದ್ಯರು ದಾಖಲಿಸಿದ್ದಾರೆ. ಮೊದಲೇ ಹೃದಯದ ತೊಂದರೆ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. ಹೆದರಿಸಲು ಹೇಳುತ್ತಿಲ್ಲ. ಅವರ ಹೃದಯದ ಡಾಕ್ಟರಿಗೆ ‘ನಮ್ಮ ತಂದೆ ಹೀಗೆ ಮ್ಯಾಚ್ ನೋಡುತ್ತಾರೆ’ ಅಂತ ಒಂದು ಮಾತು ಹೇಳಿ. ರಾತ್ರಿಯ ಮಾತ್ರೆ ಇನ್ನಿಂಗ್ಸ್ ಬ್ರೇಕಿನಲ್ಲೇ ಕೊಡಿ, ಮ್ಯಾಚ್ ಮುಗಿದ ಮೇಲೆ ಅಂದರೆ ಮರೆಯುತ್ತೀರಿ. ಎದೆ ಬಿಗಿಯುತ್ತಿದೆ ಅಂದರೆ ಓವರ್ ಮುಗಿಯಲಿ ಅಂತ ಕಾಯಬೇಡಿ.

ಇನ್ನು ನಿಮ್ಮ ನಾಲ್ಕು ತಂಡಗಳು. ಒಂದು ತಂಡ ಸೋತರೆ ಇನ್ನೊಂದು ಗೆಲ್ಲುತ್ತದೆ, ಸರಿಹೋಗುತ್ತದೆ ಅಂತ ಲೆಕ್ಕ ಹಾಕಿದ್ದೀರೇನೋ. ಸೋಲು ಎರಡರಷ್ಟು ತೂಗುತ್ತದೆ ಅಂದೆನಲ್ಲ, ಆ ಲೆಕ್ಕದಲ್ಲಿ ನಾಲ್ಕು ತಂಡ ಇಟ್ಟುಕೊಂಡವನಿಗೆ ಪ್ರತಿ ವಾರವೂ ಎಲ್ಲೋ ಒಂದು ಕಡೆ ಸಾವಿನ ಮನೆ. ಒಂದು ತಂಡಕ್ಕೆ ಪೂರ್ತಿ ಮನಸ್ಸು ಕೊಡಿ. ಉಳಿದವನ್ನು ಸಿನಿಮಾ ನೋಡಿದ ಹಾಗೆ ನೋಡಿ. ಇಂಗ್ಲೆಂಡಿನ ಫುಟ್‌ಬಾಲ್ ಅಂತೂ ಶನಿವಾರ ರಾತ್ರಿ ಹತ್ತರ ಮ್ಯಾಚಿಗೆ ನಿಲ್ಲಿಸಬಹುದು, ಹನ್ನೆರಡೂವರೆಯದ್ದು ಯಾರಿಗೆ ಬೇಕು? ಇದು ನನ್ನ ಅಭಿಪ್ರಾಯ, ಶಾಸ್ತ್ರ ಅಲ್ಲ. ಫುಟ್‌ಬಾಲ್ ಹುಚ್ಚಿನವರು ನನಗೆ ಬೈದು ಪತ್ರ ಬರೆಯುತ್ತಾರೆ, ಬರೆಯಲಿ.

ಮ್ಯಾಚಿಲ್ಲದ ಶನಿವಾರ ಬಿಕೋ ಅನ್ನುತ್ತದೆ ಅಂದಿರಿ. ನಷ್ಟದ ವ್ಯಾಪಾರ ಅಂತ ಗೊತ್ತಿದ್ದೂ ಯಾರೂ ಅಂಗಡಿ ಮುಚ್ಚುವುದಿಲ್ಲ ಯಾಕೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. 2025ರ ಮೇ 17ರ ಶನಿವಾರ ಚಿನ್ನಸ್ವಾಮಿಯಲ್ಲಿ ಏನಾಯಿತು ನೆನಪಿದೆಯಾ? ಆ ವಾರವಷ್ಟೇ ಕೊಹ್ಲಿ ಟೆಸ್ಟ್ ಬಿಟ್ಟಿದ್ದ. ಅವನಿಗೋಸ್ಕರ ಜನ ಕೆಂಪು ಬಿಟ್ಟು ಬಿಳಿ ಜೆರ್ಸಿ ಹಾಕಿಕೊಂಡು ಬಂದರು. ಮಳೆ ಹಿಡಿದುಕೊಂಡಿತು. ಟಾಸ್ ಕೂಡ ಆಗಲಿಲ್ಲ. ಗೆಲುವೂ ಇಲ್ಲ, ಸೋಲೂ ಇಲ್ಲ, ಒಂದು ಚೆಂಡೂ ಇಲ್ಲ. ಮ್ಯಾಚ್ ರದ್ದಾಯಿತು, ತಂಡಕ್ಕೊಂದು ಪಾಯಿಂಟು. ಆ ರಾತ್ರಿ ಅಲ್ಲಿದ್ದ ಒಬ್ಬ ಹುಡುಗಿ ನನ್ನ ಹತ್ತಿರ ಬರುತ್ತಾಳೆ, ಬೇರೆ ವಿಷಯಕ್ಕೆ. ಪರಿಚಯವೇ ಇಲ್ಲದವರ ಜೊತೆ ಒಂದೇ ಪ್ಲಾಸ್ಟಿಕ್ ಹೊದಿಕೆ ಕೆಳಗೆ ಕೂತು ಪಾಪ್‌ಕಾರ್ನ್ ತಿಂದಿದ್ದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು. ಅದೇ ವರ್ಷ ಕಪ್ ಗೆದ್ದಿದ್ದರ ಬಗ್ಗೆ ಅಷ್ಟು ಮಾತೇ ಆಡಲಿಲ್ಲ.

ಅಭಿಮಾನಿಯ ಬದುಕಿನಲ್ಲಿ ಹೆಚ್ಚಿನ ಪಾಲು ಇಂಥ ನಡುವಿನ ಹೊತ್ತೇ. ಮಳೆ ನಿಲ್ಲಲಿ ಅಂತ ಕಾಯುವುದು. ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಅಭಿಮಾನಿ ಬಳಗದ ವೆಸ್ಟ್ ಬ್ಲಾಕ್ ಹುಡುಗರು ಗಂಟಲು ಹರಿಯುವ ಹಾಗೆ ಹಾಡುವಾಗ ಜೊತೆಗೆ ತಪ್ಪು ತಾಳ ಹಾಕುವುದು. ಹನ್ನೊಂದು ಜನರ ಪಟ್ಟಿಯ ಬಗ್ಗೆ ಅಪ್ಪನ ಜೊತೆ ಜಗಳ. ಗೆಲುವು ಸೋಲು ಬಂದು ಹೋಗುತ್ತವೆ, ಅದು ನಿಮ್ಮ ಕೈಲಿಲ್ಲ. ಈ ನಡುವಿನದ್ದನ್ನು ಮ್ಯಾಚಿಲ್ಲದ ಶನಿವಾರಕ್ಕೂ ಎಳೆದು ತರಬಹುದು. ಬ್ಯಾಟು, ಟೆನಿಸ್ ಬಾಲ್ ಹಿಡಿದು ಮಗಳನ್ನು ಬಯಲಿಗೆ ಕರೆದುಕೊಂಡು ಹೋಗಿ. ಅವಳಿಗೆ 2024ರ ಮಾರ್ಚ್ 17ರ ಕಥೆ ಹೇಳಿ. ಗಂಡಸರು 16 ಸೀಸನ್‌ನಿಂದ ತರಲಾಗದ್ದನ್ನು ಆರ್‌ಸಿಬಿ ಹುಡುಗಿಯರು ಮಹಿಳಾ ಪ್ರೀಮಿಯರ್ ಲೀಗ್‌ನ ಎರಡನೇ ಸೀಸನ್‌ನಲ್ಲೇ ತಂದರು. ಡೆಲ್ಲಿ ವಿಕೆಟ್ಟಿಲ್ಲದೆ 64 ಇದ್ದದ್ದು 113ಕ್ಕೆ ಆಲೌಟ್. ನಮ್ಮ ಶ್ರೇಯಾಂಕಾ ಪಾಟೀಲ್ 12 ರನ್ ಕೊಟ್ಟು ನಾಲ್ಕು ವಿಕೆಟ್ ತೆಗೆದಳು. ಹಾಗೆ ನೋಡಿದರೆ ಮಾರ್ಚ್ 17 ನಿಮ್ಮಂಥವರ ಕ್ಯಾಲೆಂಡರಿನಲ್ಲಿ ಕೆಂಪಕ್ಷರದಲ್ಲಿ ಇರಬೇಕು. 2018ರಲ್ಲಿ ಅದು ಶನಿವಾರ, ಬೆಂಗಳೂರು ಎಫ್‌ಸಿ ಕಂಠೀರವದಲ್ಲೇ ಐಎಸ್‌ಎಲ್ ಫೈನಲ್ ಅನ್ನು ಚೆನ್ನೈಯಿನ್‌ಗೆ 3-2ರಿಂದ ಬಿಟ್ಟುಕೊಟ್ಟಿತು. ಸರಿಯಾಗಿ ಒಂದು ವರ್ಷಕ್ಕೆ, ಭಾನುವಾರ, ಮುಂಬೈನಲ್ಲಿ ಹೆಚ್ಚುವರಿ ಸಮಯ ಮುಗಿಯಲು ಕೆಲವೇ ನಿಮಿಷ ಇರುವಾಗ ರಾಹುಲ್ ಭೇಕೆ ತಲೆ ಕೊಟ್ಟು ಗೋವಾ ವಿರುದ್ಧ ಕಪ್ ಗೆದ್ದುಕೊಟ್ಟ. ಒಂದೇ ತಾರೀಕು, ಒಂದು ಬಿದ್ದದ್ದು, ಎರಡು ಎದ್ದದ್ದು. ಇಂಥ ಕಥೆ ಹೇಳುವ ಅಪ್ಪ ಮಗಳಿಗೆ ಬೇಕು.

ಅವಳ ಪ್ರಶ್ನೆಗೆ ನೀವಿನ್ನೂ ಉತ್ತರ ಕೊಟ್ಟಿಲ್ಲ ಅನಿಸುತ್ತದೆ. ಕೊಡಿ. ‘ಹೌದು, ಅಪ್ಪನಿಗೆ ಬೇಜಾರಾಗಿತ್ತು. ನಿನ್ನ ಮೇಲೆ ಕೋಪ ಇರಲಿಲ್ಲ’ ಅಂತ ಎರಡೇ ಮಾತು. ಮಕ್ಕಳಿಗೆ ಅಪ್ಪನ ಬೇಜಾರು ಅಷ್ಟು ಹೆದರಿಕೆ ತರುವುದಿಲ್ಲ. ಅಪ್ಪ ಯಾಕೆ ಸುಮ್ಮನಿದ್ದಾರೆ ಅಂತ ತಿಳಿಯದೆ ಇರುವುದು ಹೆದರಿಕೆ ತರುತ್ತದೆ.

ಇದು ನನಗೆ ಪುಸ್ತಕದಿಂದ ಗೊತ್ತಾಗಿದ್ದಲ್ಲ. ನಮ್ಮಪ್ಪನೂ ನಿಮ್ಮ ಹಾಗೇ. ಐಪಿಎಲ್ ಅಲ್ಲ, ಅವರದ್ದು ರಣಜಿ. 2010ರ ಜನವರಿಯಲ್ಲಿ ಕರ್ನಾಟಕ–ಮುಂಬೈ ಫೈನಲ್ ಮೈಸೂರಿಗೇ ಬಂತು, ಗಂಗೋತ್ರಿ ಮೈದಾನಕ್ಕೆ. ಕೊನೆಯ ದಿನ ಜನವರಿ 14, ಸಂಕ್ರಾಂತಿ. ಅಮ್ಮ ಬೇಡ ಬೇಡ ಅಂದರೂ ಹಬ್ಬದ ದಿನ ಅಪ್ಪ ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದರು. ಗೆಲ್ಲಲು 338 ಬೇಕಿತ್ತು. ಇಪ್ಪತ್ತು ವರ್ಷದ ಮನೀಶ್ ಪಾಂಡೆ ಹೊಡೆದ 144 ನೋಡಿ ಅಪ್ಪ ಹಣೆಯ ಮೇಲೆ ಕೈ ಇಟ್ಟುಕೊಂಡು ಹುಲ್ಲಿನ ಮೇಲೆ ಕೂತುಬಿಟ್ಟಿದ್ದರು. ಆಮೇಲೆ ಒಬ್ಬೊಬ್ಬರಾಗಿ ಹೋದರು. 331ಕ್ಕೆ ಆಲೌಟ್. ಆರು ರನ್ನಿನ ಸೋಲು. 1999ರಿಂದ ಕಾಯುತ್ತಿದ್ದ ರಣಜಿ ಕಪ್ಪು ಕಣ್ಣೆದುರಿಗೇ ಹೋಯಿತು.

ಮನೆಗೆ ಬರುವವರೆಗೂ ಅಪ್ಪ ಬಾಯಿ ಬಿಡಲಿಲ್ಲ. ಬಂದವರೇ ವರಾಂಡದಲ್ಲಿ ಕೂತರು. ಅಮ್ಮ ಏನೂ ಕೇಳಲಿಲ್ಲ. ಒಳಗಿನಿಂದ ತಟ್ಟೆ ತಂದು ಅಪ್ಪನ ಅಂಗೈ ಬಿಡಿಸಿ ಎಳ್ಳು-ಬೆಲ್ಲ ಹಾಕಿದರು. ‘ತಿನ್ನಿ. ತಿಂದು ಒಳ್ಳೆ ಮಾತಾಡಿ’ ಅಂದರು. ಅಪ್ಪ ಬಾಯಿಗೆ ಹಾಕಿಕೊಂಡರು. ಕೊಬ್ಬರಿ ಚೂರು ಅಗಿಯುತ್ತಾ ತುಂಬ ಹೊತ್ತು ರಸ್ತೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ‘ಆ ಹುಡುಗ ಎಷ್ಟು ಚೆನ್ನಾಗಿ ಆಡಿದ ಅಲ್ವೇನಮ್ಮ’ ಅಂದರು.